ಜೂನ್ ಮಳೆಗಾಗಿ ಜನವರಿಯ ಲೂಧಿಯಾನ

ಶಿರಸಿಯಲ್ಲಿ ಸ್ವೆಟರ್ ಖರ್ಚಾಗುವುದು ಚಳಿಗಾಲದಲ್ಲಿ ಎಂದು ಹೊರಗಿನವರು ತಿಳಿದಿರುತ್ತಾರೆ. ಡಿಸೆಂಬರ್‌ನಲ್ಲಿ ನನ್ನ ಅಂಗಡಿಯಿಂದ ಹೋಗುವುದು ನಾಲ್ಕು ಮಂಕಿ ಟೋಪಿ, ಹಿರಿಯರಿಗೆಂದು ಒಂದಿಷ್ಟು ಶಾಲು, ಅಷ್ಟೇ. ನಮ್ಮ ಸ್ವೆಟರ್ ಕಾಲ ಶುರುವಾಗುವುದು ಜೂನ್‌ನಲ್ಲಿ. ಶಾಲೆ ತೆರೆದು, ಮಳೆ ಹಿಡಿದು, ಮಕ್ಕಳು ಒದ್ದೆ ಕೊಡೆ ಹಿಡಿದು ಬಸ್ಸಿಗೆ ಕಾಯತೊಡಗಿದ ವಾರವೇ ಮರೂನ್, ಕಡುನೀಲಿ, ಕಡುಹಸಿರು ಸ್ವೆಟರ್‌ಗಳಿಗೆ ತಾಯಂದಿರು ಬರುತ್ತಾರೆ. ಸೆಪ್ಟೆಂಬರ್‌ವರೆಗೂ ಆ ಸ್ವೆಟರ್ ಮಗುವಿನ ಮೈಮೇಲೆ ಇರುತ್ತದೆ, ಇಲ್ಲವೇ ಬಚ್ಚಲ ಒಲೆಯ ಮೇಲಿನ ಗಳದಲ್ಲಿ ಒಣಗುತ್ತಿರುತ್ತದೆ.

ಬಹಳ ವರ್ಷ ನಾನು ಸಗಟು ವ್ಯಾಪಾರಿಗಳ ಮೂಲಕವೇ ಮಾಲು ತರಿಸುತ್ತಿದ್ದೆ. ಒಂದು ಜುಲೈನಲ್ಲಿ ಮರೂನ್ ಸ್ವೆಟರ್‌ಗಳು ಬಣ್ಣ ಬಿಟ್ಟವು. ಮಳೆಯಲ್ಲಿ ನೆನೆದ ಮಕ್ಕಳ ಬಿಳಿ ಅಂಗಿಯ ಕಾಲರು, ತೋಳು ಎಲ್ಲವೂ ಕೆಂಪು. ಒಬ್ಬ ತಾಯಿ ಅಂಗಿಯನ್ನು ಕೌಂಟರಿನ ಮೇಲೆ ಹರಡಿ, ಏನೂ ಮಾತನಾಡದೆ ನನ್ನ ಮುಖ ನೋಡಿದರು. ಹಣ ಹಿಂದಿರುಗಿಸಿದೆ, ಹೊಸ ಅಂಗಿಯನ್ನೂ ಕೊಟ್ಟೆ. ಮಾಲು ಎಲ್ಲಿ ತಯಾರಾಯಿತು, ಯಾವ ನೂಲು, ನೂಲಿಗೆ ಬಣ್ಣ ಹಾಕಿದ ಮನೆ ಯಾವುದು ಎಂದು ಕೇಳಿದರೆ ನನಗೆ ಮಾರಿದವರ ಬಳಿ ಉತ್ತರವಿರಲಿಲ್ಲ. ಮಾಲು ಹುಟ್ಟುವ ಊರಿಗೇ ಹೋಗಬೇಕೆಂದು ಆಗಲೇ ನಿರ್ಧರಿಸಿದೆ.

ದಾರಿ ಹೇಳಿಕೊಟ್ಟವರು ಮುಂಡಗೋಡಿನ ಟಿಬೆಟನ್ ಶಿಬಿರದ ಒಬ್ಬ ಹಿರಿಯ ಮಹಿಳೆ. 1966ರಿಂದ ಅಲ್ಲಿ ನೆಲೆಸಿರುವ ಟಿಬೆಟನ್ನರಲ್ಲಿ ಹಲವರದು ಚಳಿಗಾಲದ ಸ್ವೆಟರ್ ವ್ಯಾಪಾರ. ಮಾಲು ಬರುವುದು ಪಂಜಾಬಿನ ಲೂಧಿಯಾನದಿಂದ. ನಮ್ಮ ರಸ್ತೆಯ ಬದಿಯಲ್ಲಿ ಅಂಗಡಿ ಹಾಕುತ್ತಿದ್ದ ಅವರು ಸ್ಪಷ್ಟ ಕನ್ನಡದಲ್ಲಿ ಹೇಳಿದರು: “ತಮ್ಮಾ, ನಾವು ಹೋಗುವ ಹೊತ್ತಿಗೆ ನೀನು ಹೋಗಬೇಡ. ಆಗ ಅವರಿಗೆ ಉಸಿರಾಡಲೂ ಪುರಸೊತ್ತಿಲ್ಲ, ಸಣ್ಣ ಗಿರಾಕಿಯನ್ನು ಕೂರಿಸಿ ಮಾತನಾಡುವುದಿಲ್ಲ. ಲೋಹ್ರಿ ಹಬ್ಬ ಮುಗಿದ ಮೇಲೆ ಹೋಗು. ಚಳಿ ತಡೆದುಕೋ, ಕೆಲಸ ಆಗುತ್ತದೆ.” ಲೋಹ್ರಿ ಬರುವುದು ನಮ್ಮ ಸಂಕ್ರಾಂತಿಯ ಹಿಂದಿನ ದಿನ, ಜನವರಿ 13ಕ್ಕೆ. ಅಷ್ಟರಲ್ಲಿ ಉತ್ತರದ ಅಂಗಡಿಗಳಿಗೆಲ್ಲ ಮಾಲು ಹೋಗಿ ಮುಗಿದಿರುತ್ತದೆ. ತಯಾರಕನಿಗೆ ಉಳಿದ ಸರಕನ್ನು ಕರಗಿಸುವ ಯೋಚನೆ, ಯಂತ್ರಗಳಿಗೆ ಬಿಡುವು. ನಮಗೆ ಜೂನ್‌ಗೆ ಬೇಕಾದ ಮಾಲಿನ ಮಾತುಕತೆಗೆ ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಆಕೆಯ ಮಾತು ಅಕ್ಷರಶಃ ಸತ್ಯವಾಯಿತು, ಚಳಿಯ ವಿಷಯವೂ ಸೇರಿ.

ತಂಗಿಯ ಮನೆ ಕಾರವಾರದಲ್ಲಿದೆ. ಹಿಂದಿನ ದಿನವೇ ದೇವಿಮನೆ ಘಟ್ಟ ಇಳಿದು ಅಲ್ಲಿಗೆ ಹೋಗಿ, ಬೆಳಗಿನ ಜಾವ ಶಿರವಾಡದ ನಿಲ್ದಾಣದಲ್ಲಿ ಮಂಗಳಾ ಎಕ್ಸ್‌ಪ್ರೆಸ್ ಹತ್ತಿದೆ. ಭಾವ ನಿಲ್ದಾಣಕ್ಕೆ ಬಂದವರು ಬರೀ ಬನಿಯನ್, ಲುಂಗಿಯಲ್ಲಿದ್ದರು. ಜನವರಿಯ ಕಾರವಾರಕ್ಕೆ ಅದು ಸಾಕು. ರತ್ನಾಗಿರಿ ದಾಟುವಾಗ ಫ್ಯಾನ್ ಹಾಕಿಕೊಂಡೇ ಕುಳಿತಿದ್ದೆ. ಮರುದಿನ ಬೆಳಿಗ್ಗೆ ಝಾನ್ಸಿಯ ಆಚೆ ಕಣ್ಣು ಬಿಟ್ಟರೆ ಕಿಟಕಿಯ ಹೊರಗೆ ಏನೂ ಇಲ್ಲ. ಬಯಲಿಲ್ಲ, ಮರವಿಲ್ಲ, ಪಕ್ಕದ ಹಳಿಯೂ ಇಲ್ಲ.

ನಮ್ಮ ಮಲೆನಾಡಿನ ಮಂಜು ಬಿಸಿಲೇರುವ ಹೊತ್ತಿಗೆ ತೋಟದಿಂದ ಎದ್ದು ಹೋಗುತ್ತದೆ. ಆ ಬಯಲಿನ ಮಂಜು ಹಾಗಲ್ಲ. ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಬರುವ ಚಳಿಗಾಲದ ಮಳೆ ಹೊಲಗಳನ್ನು ತೋಯಿಸಿ ಹೋಗಿರುತ್ತದೆ, ಗೋಧಿಗೆ ಬಿಟ್ಟ ನೀರಿನ ತೇವವೂ ಸೇರಿಕೊಳ್ಳುತ್ತದೆ. ಗಾಳಿಯಾಡದ ದೀರ್ಘ ರಾತ್ರಿಯಲ್ಲಿ ನೆಲ ತಣ್ಣಗಾದಾಗ ಆ ತೇವವೆಲ್ಲ ನೆಲಮಟ್ಟದಲ್ಲೇ ಮಂಜಾಗಿ ನಿಲ್ಲುತ್ತದೆ. ಮೇಲಿನ ಬೆಚ್ಚನೆಯ ಗಾಳಿಯ ಪದರ ಮುಚ್ಚಳದಂತೆ ಕುಳಿತು ಅದನ್ನು ಏಳಗೊಡುವುದಿಲ್ಲ. ಕಾಣುವ ದೂರ 50 ಮೀಟರಿಗಿಂತ ಕಡಿಮೆಯಾದರೆ ಹವಾಮಾನ ಇಲಾಖೆ ಅದನ್ನು ಅತಿ ದಟ್ಟ ಮಂಜು ಎನ್ನುತ್ತದೆ. ಅಂಥ ಹೊತ್ತಿನಲ್ಲಿ ಸಿಗ್ನಲ್ ಹತ್ತಿರವಾಯಿತೆಂದು ಚಾಲಕನಿಗೆ ತಿಳಿಸಲು ಹಳಿಯ ಮೇಲೆ ಪಟಾಕಿ ಕಟ್ಟುವ ಪದ್ಧತಿ ಹಿಂದಿನಿಂದಲೂ ಇದೆ. ಈಗ ಎಂಜಿನ್‌ನಲ್ಲಿ ಜಿಪಿಎಸ್ ಉಪಕರಣವೂ ಇರುತ್ತದೆ. ಆದರೂ ರೈಲು ತೆವಳಬೇಕು. ನಾವು ದೆಹಲಿ ತಲುಪುವಾಗ ಏಳು ಗಂಟೆ ತಡವಾಗಿತ್ತು. ಅದೇ ದಿನ ಸಂಜೆಗೆ ಮುಂದಿನ ಟಿಕೆಟ್ ಮಾಡಿಸಿಟ್ಟಿದ್ದ ಸಹಪ್ರಯಾಣಿಕರೊಬ್ಬರು ಬಹಳ ಕಷ್ಟಪಟ್ಟರು. ನಾನು ಆ ರಾತ್ರಿ ದೆಹಲಿಯಲ್ಲೇ ತಂಗಿ, ಮರುದಿನ ಬೆಳಗಿನ ರೈಲು ಬಿಟ್ಟು ಮಧ್ಯಾಹ್ನದ್ದನ್ನು ಹಿಡಿದೆ. ಅಂಬಾಲಾ ಮಾರ್ಗವಾಗಿ ಸುಮಾರು 310 ಕಿಲೋಮೀಟರ್. ಹೋಗುವಾಗ ಒಂದು ದಿನ, ಬರುವಾಗ ಒಂದು ದಿನ ಖಾಲಿ ಬಿಟ್ಟುಕೊಳ್ಳದೆ ಜನವರಿಯಲ್ಲಿ ಆ ಕಡೆಗೆ ಯಾರೂ ಹೊರಡಬಾರದು.

ಇನ್ನು ಚಳಿ. ಜನವರಿಯಲ್ಲಿ ಲೂಧಿಯಾನದ ರಾತ್ರಿಯ ಉಷ್ಣಾಂಶ ಸಾಮಾನ್ಯವಾಗಿ ಆರೇಳು ಡಿಗ್ರಿಗೆ ಇಳಿಯುತ್ತದೆ. ರಾತ್ರಿಯ ಚಳಿಗೆ ನಾನು ಸಿದ್ಧನಾಗಿಯೇ ಹೋಗಿದ್ದೆ. ಸಿದ್ಧನಿಲ್ಲದ್ದು ಹಗಲಿಗೆ. ಕನಿಷ್ಠ ಉಷ್ಣಾಂಶ 10 ಡಿಗ್ರಿಗಿಂತ ಮೇಲೇರದೆ, ಗರಿಷ್ಠವೂ ವಾಡಿಕೆಗಿಂತ 4.5 ಡಿಗ್ರಿ ಕೆಳಗಿದ್ದರೆ ಅದಕ್ಕೆ ಹವಾಮಾನ ಇಲಾಖೆಯವರು ‘ಶೀತ ದಿನ’ ಎನ್ನುತ್ತಾರೆ. ನಾನಿದ್ದ ಐದು ದಿನಗಳಲ್ಲಿ ಮೂರು ದಿನ ಸೂರ್ಯನ ಮುಖ ಕಾಣಲಿಲ್ಲ. ಹೊರಗಿಗಿಂತ ಒಳಗೇ ಹೆಚ್ಚು ಚಳಿ. ಆ ಊರಿನ ಕಟ್ಟಡಗಳು ಮೇ-ಜೂನ್‌ನ ಬೇಗೆಗೆಂದು ಕಟ್ಟಿದವು: ಎತ್ತರದ ಚಾವಣಿ, ಕಲ್ಲಿನ ನೆಲ, ಇಟ್ಟಿಗೆಯ ಗೋಡೆ. ತಣ್ಣಗಾದ ಗೋಡೆ ಎಷ್ಟು ದಿನವಾದರೂ ತಣ್ಣಗೇ ಇರುತ್ತದೆ. ಮಂಚದಿಂದ ಕಾಲಿಳಿಸಿದರೆ ನೆಲ ಕಚ್ಚುತ್ತದೆ. ಎರಡು ಜೊತೆ ಉಣ್ಣೆಯ ಕಾಲುಚೀಲ ಮತ್ತು ಕೋಣೆಯೊಳಗೆ ಹಾಕಿಕೊಳ್ಳಲು ದಪ್ಪ ಅಟ್ಟೆಯ ಚಪ್ಪಲಿ, ಇವೆರಡೂ ದುಬಾರಿ ಕೋಟ್‌ಗಿಂತ ಹೆಚ್ಚು ಉಪಯೋಗಕ್ಕೆ ಬಂದವು.

ಬಟ್ಟೆ ಹೇಗೆ ಹಾಕಿಕೊಂಡೆ ಎಂದು ಹೇಳುತ್ತೇನೆ, ಏಕೆಂದರೆ ನಾನು ಈ ವ್ಯಾಪಾರದಲ್ಲಿರುವವನು. ಮೈಗೆ ಅಂಟಿದಂತೆ ಹತ್ತಿಯ ಬನಿಯನ್ ಬೇಡ. ನಡೆದಾಡಿ ಬೆವರಿದರೆ ಅದು ಒದ್ದೆಯಾಗಿಯೇ ಉಳಿದು ಚಳಿ ಹಿಡಿಸುತ್ತದೆ. ಮೊದಲು ತೆಳುವಾದ ಥರ್ಮಲ್ ಒಳಉಡುಪು, ಅದರ ಮೇಲೆ ಅಂಗಿ, ಅದರ ಮೇಲೆ ಉಣ್ಣೆಯ ಸ್ವೆಟರ್, ಎಲ್ಲಕ್ಕೂ ಹೊರಗೆ ಗಾಳಿ ತಡೆಯುವ ಜಾಕೆಟ್. ಪದರಗಳ ನಡುವೆ ನಿಂತ ಗಾಳಿಯೇ ಬೆಚ್ಚಗಿಡುವುದು. ಆದ್ದರಿಂದ ಯಾವುದೂ ಬಿಗಿಯಾಗಿರಬಾರದು. ತುಟಿ, ಹಿಮ್ಮಡಿ ಎರಡನೇ ದಿನವೇ ಒಡೆದವು. ಅದಕ್ಕೆ ಮನೆಯಿಂದ ಅಮ್ಮ ಕಟ್ಟಿಕೊಟ್ಟಿದ್ದ ಮುರುಗಲ (ಕೋಕಂ) ಬೀಜದ ತುಪ್ಪದ ಉಂಡೆ ಇತ್ತು. ಮೇಣದಂತೆ ಗಟ್ಟಿ ಇರುವ ಅದನ್ನು ಬಿಸಿ ಚಹಾದ ಲೋಟಕ್ಕೆ ಒತ್ತಿ ಹಿಡಿದು, ಕರಗಿದ್ದನ್ನು ಬೆರಳಿನಿಂದ ಸವರಿಕೊಳ್ಳುತ್ತಿದ್ದೆ. ಅಂಗಡಿಯ ಯಾವ ಮುಲಾಮೂ ಅದರಷ್ಟು ಹೊತ್ತು ನಿಲ್ಲಲಿಲ್ಲ.

ಒಂದು ವಿಷಯವನ್ನು ಒತ್ತಿ ಹೇಳಬೇಕು. ಮೊದಲ ರಾತ್ರಿ ವಸತಿಗೃಹದ ಹುಡುಗ ಪ್ರೀತಿಯಿಂದಲೇ ಒಂದು ಕಬ್ಬಿಣದ ಅಗ್ಗಿಷ್ಟಿಕೆಯಲ್ಲಿ ಕೆಂಡ ತಂದು ಮಂಚದ ಪಕ್ಕದಲ್ಲಿಟ್ಟ. ಅಲ್ಲಿ ಅದಕ್ಕೆ ಅಂಗೀಠಿ ಎನ್ನುತ್ತಾರೆ. ನಾನು ಅದನ್ನು ಹೊರಗಿಡಿಸಿದೆ. ಬೆಂಕಿಯ ಮುಂದೆ ಬೆಳೆದವರು ನಾವು, ಆದರೆ ನಮ್ಮ ಬಚ್ಚಲ ಒಲೆಯ ಹೊಗೆಗೆ ಹಂಚಿನ ಸಂದಿಯಲ್ಲಿ ದಾರಿ ಇರುತ್ತದೆ. ಬಾಗಿಲು, ಕಿಟಕಿ ಮುಚ್ಚಿದ ಕಾಂಕ್ರೀಟ್ ಕೋಣೆಯಲ್ಲಿ ಕೆಂಡ ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ; ನಿದ್ದೆಯಲ್ಲಿದ್ದವರು ಏಳುವುದೇ ಇಲ್ಲ. ಉತ್ತರ ಭಾರತದಲ್ಲಿ ಪ್ರತಿ ಚಳಿಗಾಲವೂ ಹೀಗೆ ಜೀವ ಹೋಗುತ್ತದೆ. ಹುಡುಗನನ್ನು ಕೂರಿಸಿಕೊಂಡು, ನನಗೆ ಬರುವ ಹಿಂದಿಯಲ್ಲಿ ಇದನ್ನೆಲ್ಲ ಹೇಳಿದೆ. ಬಿಹಾರದಿಂದ ದುಡಿಯಲು ಬಂದ ಹುಡುಗ, ತಾನೂ ಇನ್ನು ನಾಲ್ವರೂ ಒಂದೇ ಕೋಣೆಯಲ್ಲಿ ಅದನ್ನೇ ಇಟ್ಟುಕೊಂಡು ಮಲಗುತ್ತೇವೆ ಎಂದ. ಮಲಗುವ ಮುಂಚೆ ಅದನ್ನು ಹೊರಗಿಡುತ್ತೇನೆಂದು ಅವನಿಂದ ಮಾತು ತೆಗೆದುಕೊಂಡೆ. ನಾನು ರಜಾಯಿಯ ಮೇಲೆ ಇನ್ನೊಂದು ರಜಾಯಿ ಹೊದ್ದು ಮಲಗಿದೆ.

ಊಟದ ಚಿಂತೆ ಇರಲಿಲ್ಲ. ಸಾಸಿವೆ ಸೊಪ್ಪಿನ ಸಾಗು, ಮೆಕ್ಕೆಜೋಳದ ರೊಟ್ಟಿ, ಮೇಲೆ ಬೆಣ್ಣೆ, ಕೊನೆಗೊಂದು ತುಂಡು ಬೆಲ್ಲ. ಅನ್ನದ ನೆನಪಾದದ್ದು ನಾಲ್ಕನೇ ದಿನ.

ಬೆಳಿಗ್ಗೆ ಬೇಗ ಎದ್ದು ಹೊರಡುವ ಅಭ್ಯಾಸ ಅಲ್ಲಿ ನಡೆಯುವುದಿಲ್ಲ. 1906ರ ಗಡಿಯಾರ ಗೋಪುರದ ಬಳಿ ಒಂಬತ್ತಕ್ಕೆ ನಿಂತರೆ ಮೇಲಿನ ಮುಳ್ಳುಗಳೇ ಕಾಣುತ್ತಿರಲಿಲ್ಲ. ಪಕ್ಕದ ಚೌಡಾ ಬಜಾರಿನ ಬಾಗಿಲುಗಳು ಮುಚ್ಚಿಯೇ ಇದ್ದವು. ನನಗೆ ಕೆಲಸದ ಹೊತ್ತು ಸಿಕ್ಕಿದ್ದು ಹನ್ನೊಂದರಿಂದ ಐದರವರೆಗೆ. ದಿನಕ್ಕೆ ಎರಡೇ ಭೇಟಿ ಎಂದು ಇಟ್ಟುಕೊಂಡೆ. ಬಜಾರಿನ ಅಂಗಡಿಗಳನ್ನು ಸುತ್ತಿ ಬೆಲೆಯ ಅಂದಾಜು ಮಾಡಿಕೊಂಡು, ಮೂರನೇ ದಿನ ಬಹಾದ್ದೂರ್ ಕೆ ರಸ್ತೆಯ ಕಡೆಯ ಒಂದು ಸಣ್ಣ ಕಾರ್ಖಾನೆಗೆ ಹೋದೆ.

ಲೂಧಿಯಾನಕ್ಕೆ ಉಣ್ಣೆಯ ಕಸುಬು ಹೊಸದಲ್ಲ. 1833ರ ಬರಗಾಲದಲ್ಲಿ ಕಾಶ್ಮೀರ ಬಿಟ್ಟು ಬಂದ ಶಾಲು ನೇಕಾರರು ಇಲ್ಲಿ ನೆಲೆಯೂರಿದರು. ಆಮೇಲೆ ಹೆಣಿಗೆ ಯಂತ್ರಗಳು ಬಂದವು. ನಾನು ಹೋದ ಕಾರ್ಖಾನೆಯ ಮಾಲೀಕರು ಎಪ್ಪತ್ತು ದಾಟಿದವರು, ಎಲ್ಲರೂ ಅವರನ್ನು ಲಾಲಾಜಿ ಎನ್ನುತ್ತಿದ್ದರು. ಶಿರಸಿ ಎಂದರೆ ಎಲ್ಲಿ ಎಂದು ಕೇಳಿದರು. ಅಡಿಕೆ ಬೆಳೆಯುವ ಊರು ಎಂದ ಮೇಲೆ ತಟ್ಟನೆ ಹತ್ತಿರವಾದರು.

ಅವರು ಮೊದಲು ತೆಗೆದು ತೋರಿಸಿದ್ದು ಉಣ್ಣೆ ಹೆಚ್ಚು ಬೆರೆಸಿದ ಸ್ವೆಟರ್, ಒಳ್ಳೆಯ ಮಾಲು ಎಂಬ ಅಭಿಮಾನದಿಂದ. ನನಗೆ ಅಕ್ರಿಲಿಕ್, ಅಂದರೆ ಕೃತಕ ನೂಲಿನದು, ಬೇಕು ಎಂದಾಗ ಅವರಿಗೆ ಬೇಸರವಾಯಿತು. ಅಗ್ಗದ್ದು ಬೇಕೆ ಎಂದು ಕೇಳಿದರು. ಬೆಲೆಯ ಪ್ರಶ್ನೆಯಲ್ಲ ಲಾಲಾಜಿ ಎಂದು ವಿವರಿಸಿದೆ. ಉಣ್ಣೆ ತನ್ನ ತೂಕದ ಶೇಕಡಾ 30ರವರೆಗೆ ತೇವ ಹೀರಿಕೊಳ್ಳುತ್ತದೆ. ಒಣಚಳಿಯ ನಾಡಿಗೆ ಅದು ವರ. ನಮ್ಮಲ್ಲಿ ಜುಲೈ ತಿಂಗಳಿಡೀ ಬಟ್ಟೆ ಒಣಗುವುದಿಲ್ಲ. ಸಂಜೆ ಒಗೆದ ಸ್ವೆಟರ್ ಬೆಳಿಗ್ಗೆ ಮಗುವಿನ ಮೈಗೇರಬೇಕು. ಉಣ್ಣೆಯದಾದರೆ ಮೂರು ದಿನಕ್ಕೆ ಬೂಸ್ಟು ಹಿಡಿಯುತ್ತದೆ. ಅಕ್ರಿಲಿಕ್ ನೀರು ಹೀರುವುದು ತೀರಾ ಕಡಿಮೆ, ಹಿಂಡಿ ಗಳಕ್ಕೆ ಹಾಕಿದರೆ ಸಾಕು. ಒಲೆಗೆ ತೀರಾ ಹತ್ತಿರ ಮಾತ್ರ ಹಾಕಬಾರದು, ಕರಗುತ್ತದೆ. ಅದನ್ನು ನಾನು ಪ್ರತಿಯೊಬ್ಬ ತಾಯಿಗೂ ಹೇಳಿಯೇ ಮಾರುತ್ತೇನೆ. ಲಾಲಾಜಿ ಸುಮ್ಮನೆ ಕೇಳಿಸಿಕೊಂಡು, ಮಳೆಗಾಲದಲ್ಲಿ ಸ್ವೆಟರ್ ತೊಡುವ ಊರಿನ ಕಥೆ ಕೇಳಿದ್ದು ಇದೇ ಮೊದಲು ಎಂದರು. ಚಹಾ ತರಿಸಿದರು. ಅಕ್ಟೋಬರ್‌ನಲ್ಲಿ ಹೋಗಿದ್ದರೆ ಈ ಅರ್ಧ ಗಂಟೆ ನನಗೆ ಸಿಗುತ್ತಿರಲಿಲ್ಲ.

ಆಮೇಲೆ ಮಾಲು ನೋಡಿದ್ದು. ಮೊದಲು ನೂಲಿನ ಎಳೆಯೊಂದನ್ನು ಬೆಂಕಿಗೆ ಹಿಡಿದೆ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ತುದಿಯಲ್ಲಿ ಗಟ್ಟಿ ಕರಿಮಣಿಯಾಗುತ್ತದೆ. ಬಳಿಕ ಒಂದೇ ಅಳತೆಯ ಎರಡು ಸ್ವೆಟರ್ ತೂಗಿಸಿದೆ. ಕಣ್ಣಿಗೆ ಒಂದೇ ತರಹ ಇದ್ದರೂ ಒಂದರ ತೂಕ ಇನ್ನೊಂದಕ್ಕಿಂತ 40 ಗ್ರಾಂ ಕಡಿಮೆ ಬಂತು, ಅಂದರೆ ಅಷ್ಟು ನೂಲು ಕಡಿಮೆ. ಅನಂತರ ಒಳಮೈ ಹೊರಗೆ ಮಾಡಿ ಕುತ್ತಿಗೆಯ ಪಟ್ಟಿ ನೋಡಿದೆ. ಅಂಚು ಸುತ್ತುವ ಓವರ್‌ಲಾಕ್ ಹೊಲಿಗೆಯನ್ನಷ್ಟೇ ಹೊಡೆದಿದ್ದರೆ ಮಗು ತಲೆ ತೂರಿಸಿದಾಗ ಹರಿಯುತ್ತದೆ. ಲಿಂಕಿಂಗ್ ಯಂತ್ರದಲ್ಲಿ ಕುಣಿಕೆಗೆ ಕುಣಿಕೆ ಸೇರಿಸಿದ್ದರೆ ಎಳೆದಷ್ಟೂ ಹಿಗ್ಗಿ ವಾಪಸಾಗುತ್ತದೆ. ಆ ಯಂತ್ರದ ಮುಂದೆ ಕುಳಿತಿದ್ದವರು ಬೆರಳ ತುದಿ ಕತ್ತರಿಸಿದ ಕೈಗವಸು ತೊಟ್ಟಿದ್ದರು. ದುಂಡಗಿನ ಯಂತ್ರದ ಸುತ್ತ ಸಾಲಾಗಿ ನಿಂತ ಸಣ್ಣ ಮೊಳೆಗಳಿಗೆ ಒಂದೊಂದೇ ಕುಣಿಕೆ ಏರಿಸಬೇಕು. ಒಂದು ತಪ್ಪಿದರೂ ಅಲ್ಲಿಂದ ಬಿಚ್ಚಿಕೊಳ್ಳುತ್ತದೆ. ಚಳಿಗೆ ಮರಗಟ್ಟಿದ ಬೆರಳುಗಳನ್ನು ಆಗಾಗ ಬಾಯಿಯ ಬಳಿ ತಂದು ಊದಿಕೊಳ್ಳುತ್ತ, ಒಂದೂ ತಪ್ಪದೆ ಏರಿಸುತ್ತಿದ್ದರು. ನಾನು ಬಹಳ ಹೊತ್ತು ನೋಡುತ್ತ ನಿಂತೆ.

ಕೊನೆಗೆ ಬಣ್ಣ. ಕಿಸೆಯಿಂದ ಬಿಳಿ ಕರವಸ್ತ್ರ ತೆಗೆದು, ಒದ್ದೆ ಮಾಡಿ, ಮರೂನ್ ತೋಳಿನ ಮೇಲೆ ಇಪ್ಪತ್ತು ಸಲ ಗಟ್ಟಿಯಾಗಿ ಉಜ್ಜಿದೆ. ಮೊದಲ ಮಾದರಿ ನಸುಗೆಂಪು ಕೊಟ್ಟಿತು. ಅದನ್ನು ಬದಿಗಿಟ್ಟೆವು. ಬೇರೆ ಬಣ್ಣದ ಮನೆಯಿಂದ ಬಂದ ನೂಲಿನದು ಕಲೆ ಬಿಡಲಿಲ್ಲ. ಅದೇ ನೂಲು, ಅದೇ ತೂಕ, ಲಿಂಕಿಂಗ್ ಮಾಡಿದ ಕುತ್ತಿಗೆ ಎಂದು ಬರೆಸಿಕೊಂಡು, ಮಾದರಿಯ ಮೇಲೆ ಇಬ್ಬರೂ ಸಹಿ ಹಾಕಿ, ಒಂದನ್ನು ನಾನು ಇಟ್ಟುಕೊಂಡೆ. ಮುಂಗಡ ಕೊಟ್ಟೆ.

ಹಿಂದಿರುಗುವಾಗ ಆಟೋ ಬುಡ್ಢಾ ನಾಲಾದ ಸೇತುವೆ ದಾಟಿತು. ಊರ ನಡುವೆ ಹರಿದು ಸಟ್ಲೆಜ್ ಸೇರುವ ನೀರು ಅದು. ಬಣ್ಣದ ಮನೆಗಳದು, ಲೋಹಕ್ಕೆ ಲೇಪ ಕೊಡುವ ಕಾರ್ಖಾನೆಗಳದು, ಊರಿನ ಚರಂಡಿಯದು ಎಲ್ಲವೂ ಅದರಲ್ಲಿ. ಮಂಜಿನಲ್ಲೂ ಅದರ ಕಪ್ಪು ಕಾಣುತ್ತಿತ್ತು, ವಾಸನೆಗೆ ಮೂಗು ಮುಚ್ಚಿಕೊಂಡೆ. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟುವ ಅಘನಾಶಿನಿ ಅಣೆಕಟ್ಟಿಲ್ಲದೆ ಸಮುದ್ರ ಸೇರುತ್ತದೆ ಎಂದು ನಾವು ಹೆಮ್ಮೆ ಪಡುತ್ತೇವೆ. ನಮ್ಮ ಮಕ್ಕಳ ಸ್ವೆಟರಿನ ಬಣ್ಣ ತೊಳೆದ ನೀರನ್ನು ಈ ನಾಲಾ ಹೊರುತ್ತಿದೆ. ಮರುದಿನ ಲಾಲಾಜಿಯ ಬಳಿ ಹೋಗಿ, ನೂಲಿಗೆ ಬಣ್ಣ ಹಾಕುವ ಮನೆಯ ಕೊಳಕು ನೀರು ಶುದ್ಧೀಕರಣ ಘಟಕಕ್ಕೆ ಹೋಗುತ್ತದೆಯೇ ಎಂದು ಕೇಳಿದೆ. ಹೋಗುತ್ತದೆ ಎಂದರು, ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಲೂ ಒಪ್ಪಿದರು. ಆದರೆ ಆ ದಿನ ಮಂಜು ಎಷ್ಟಿತ್ತೆಂದರೆ ಅವರ ಚಾಲಕ ಕಾರು ತೆಗೆಯಲಿಲ್ಲ. ಮುಂದಿನ ಸಲ ಮೊದಲ ಕೆಲಸವೇ ಅದು.

ಮಾಲು ಲಾರಿಯಲ್ಲಿ ಹುಬ್ಬಳ್ಳಿಗೆ, ಅಲ್ಲಿಂದ ಶಿರಸಿಗೆ ಬಂದದ್ದು ಮೇ ಎರಡನೇ ವಾರ. ಬೆವರು ಒರೆಸಿಕೊಳ್ಳುತ್ತ ಗಂಟು ಬಿಚ್ಚಿ, ಮೇಲಿನದನ್ನು ಬಿಟ್ಟು ನಡುವಿನಿಂದ ಆರು ಸ್ವೆಟರ್ ಎಳೆದು ತೂಗಿದೆ, ಸಹಿ ಹಾಕಿದ ಮಾದರಿಯ ಪಕ್ಕದಲ್ಲಿಟ್ಟು ನೋಡಿದೆ, ಒದ್ದೆ ಕರವಸ್ತ್ರದಿಂದ ಉಜ್ಜಿದೆ. ಎಲ್ಲ ಸರಿಯಿತ್ತು. 22ರ ಅಳತೆಯವು ಮಾತ್ರ ಎರಡು ಡಜನ್ ಕಡಿಮೆ ಬಂದಿದ್ದವು. ಫೋನ್ ಮಾಡಿದೆ. ಲಾಲಾಜಿ ಮೊದಲು ಕೇಳಿದ್ದು, “ನಿಮ್ಮಲ್ಲಿ ಮಳೆ ಶುರುವಾಯಿತೇ?” ಉಳಿದವು ಜೂನ್ ಮೊದಲ ವಾರದಲ್ಲಿ ಪಾರ್ಸೆಲ್ ಆಗಿ ಬಂದವು.