ಬಾವಿಯ ನೀರು ಪರೀಕ್ಷೆ ಮಾಡಿಸಿದ ನನ್ನ ಅನುಭವ

ನಾಪೋಕ್ಲು ಬಳಿಯ ನಮ್ಮ ತೋಟದ ಬಾವಿಯನ್ನು ಅಜ್ಜ ತೋಡಿಸಿದ್ದರು. ಎರಡು ಮೀಟರ್ ಅಗಲದ, ಜಂಬಿಟ್ಟಿಗೆ ಕಲ್ಲಿನ ಗೋಡೆಯ ಆ ಬಾವಿಯಲ್ಲಿ ಬೇಸಿಗೆಯಲ್ಲಿ ತಳದ ಕಲ್ಲು ಕಾಣುವಷ್ಟು ತಿಳಿನೀರಿರುತ್ತದೆ, ಮಳೆಗಾಲದಲ್ಲಿ ಬಗ್ಗಿ ಕೊಡ ಅದ್ದುವಷ್ಟು ಮೇಲಕ್ಕೆ ನೀರು ಬರುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ನಮ್ಮ ಬಾವಿಗೂ ಕೆಂಪು ನೀರು ನುಗ್ಗಿತ್ತು. ಅದು ತಿಳಿಯಾದ ಮೇಲೆ ನಾವು ಎಂದಿನಂತೆ ಕುಡಿಯತೊಡಗಿದೆವು. ಮರುವರ್ಷದ ಜೂನ್‌ನಲ್ಲಿ ಮೊದಲು ಲೈನ್ ಮನೆಯ (ತೋಟದ ಕಾರ್ಮಿಕರ ಸಾಲುಮನೆಯ) ಒಂದು ಮಗುವಿಗೆ, ವಾರದೊಳಗೆ ನನ್ನ ಅಮ್ಮನಿಗೆ ವಾಂತಿಭೇದಿಯಾಯಿತು. ನೀರನ್ನು ಪರೀಕ್ಷೆಗೆ ಕೊಡುತ್ತೇನೆಂದಾಗ ಅಮ್ಮ, ‘ನಿನ್ನ ಅಜ್ಜ ಇದೇ ನೀರು ಕುಡಿದು ತೊಂಬತ್ತು ವರ್ಷ ಬಾಳಲಿಲ್ಲವೇ ಮಗ?’ ಎಂದರು. ಅವರ ಮಾತು ಸುಳ್ಳಲ್ಲ. ಆದರೆ ಅಜ್ಜನ ಕಾಲದಲ್ಲಿ ಬಾವಿಯ ಮೇಲ್ಬದಿಯಲ್ಲಿ ಶೌಚದ ಗುಂಡಿಯಾಗಲಿ ಯೂರಿಯಾ ಹಾಕಿದ ತೋಟವಾಗಲಿ ಇರಲಿಲ್ಲ.

ಮೊದಲ ಸಲ ನಾನು ಮಾಡಿದ್ದೆಲ್ಲವೂ ತಪ್ಪಾಗಿತ್ತು. ತಂಪು ಪಾನೀಯದ ಬಾಟಲಿಯೊಂದನ್ನು ಸೋಪು ಹಾಕಿ ತೊಳೆದು, ಅಡುಗೆಮನೆಯ ನಲ್ಲಿಯಿಂದ ಸಂಜೆ ನೀರು ಹಿಡಿದು, ಮರುದಿನ ಮಧ್ಯಾಹ್ನ ಮಡಿಕೇರಿಯ ಪ್ರಯೋಗಾಲಯಕ್ಕೆ ಒಯ್ದೆ. ಅಲ್ಲಿದ್ದ ಸಿಬ್ಬಂದಿ ಯಾವಾಗ ಹಿಡಿದದ್ದು, ಎಲ್ಲಿಂದ, ಬಾಟಲಿ ಹೇಗೆ ತೊಳೆದದ್ದು ಎಂದು ಕೇಳಿ, ‘ಇದು ನಿಮ್ಮ ಬಾವಿಯ ನೀರಲ್ಲ ಸಾರ್, ನಿಮ್ಮ ಟ್ಯಾಂಕಿನ ನೀರು’ ಎಂದು ಹಿಂದಿರುಗಿಸಿದರು. ಬಹಳ ಸೌಜನ್ಯದಿಂದಲೇ ಕ್ರಿಮಿರಹಿತ ಗಾಜಿನ ಬಾಟಲಿಯೊಂದನ್ನು ಕೊಟ್ಟು, ಅದನ್ನು ಬಳಸುವ ಕ್ರಮವನ್ನೂ ತಿಳಿಸಿದರು.

ರಾಸಾಯನಿಕ ಪರೀಕ್ಷೆಯ ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ಅಲುಬಿ ತುಂಬಬೇಕು. ಬ್ಯಾಕ್ಟೀರಿಯಾ ಪರೀಕ್ಷೆಯ ಬಾಟಲಿಯನ್ನು ಮಾತ್ರ ಅಲುಬಲೇಬಾರದು, ಮುಚ್ಚಳದ ಒಳಭಾಗಕ್ಕೆ ಬೆರಳು ಸೋಕಬಾರದು, ನೀರಿನ ಮೇಲೆ ಒಂದಿಷ್ಟು ಖಾಲಿ ಜಾಗ ಬಿಡಬೇಕು. ಪಂಪಿನ ಪಕ್ಕದ ನಲ್ಲಿಯ ಬಾಯನ್ನು ಸ್ಪಿರಿಟ್ ಹತ್ತಿಯ ಜ್ವಾಲೆಯಲ್ಲಿ ಕಾಯಿಸಿ, ಮೂರು ನಿಮಿಷ ನೀರು ಹರಿಯಬಿಟ್ಟು ಮಾದರಿ ಹಿಡಿದೆ. ಐಸ್ ತುಂಬಿದ ಡಬ್ಬದಲ್ಲಿಟ್ಟು ಎರಡು ಗಂಟೆಯೊಳಗೆ ತಲುಪಿಸಿದೆ. ಆರು ಗಂಟೆಯೊಳಗೆ ತಲುಪಿದರೆ ಒಳ್ಳೆಯದು, ಇಪ್ಪತ್ತನಾಲ್ಕು ಗಂಟೆ ದಾಟಿದ ಮಾದರಿಯನ್ನು ನಂಬುವಂತಿಲ್ಲ.

ವರದಿಯಲ್ಲಿ ನೈಟ್ರೇಟ್ ಲೀಟರಿಗೆ 22 ಮಿಲಿಗ್ರಾಂ ಇತ್ತು. ಕುಡಿಯುವ ನೀರಿನ ಭಾರತೀಯ ಮಾನಕ 10500ರ ಮಿತಿ 45. ನೀರು ಎಷ್ಟು ಆಮ್ಲೀಯ ಎಂದು ತಿಳಿಸುವ ಪಿಎಚ್ 5.8 ಇತ್ತು, ಅದು 6.5ಕ್ಕಿಂತ ಕಡಿಮೆ ಇರಬಾರದು. 100 ಮಿಲಿಲೀಟರ್ ನೀರಿನಲ್ಲಿ ಒಂದೂ ಇರಬಾರದ ಇ-ಕೋಲಿ, ಅಂದರೆ ಮಲದಿಂದ ಬರುವ ಬ್ಯಾಕ್ಟೀರಿಯಾ, ಪತ್ತೆಯಾಗಿತ್ತು. ಮುಂದಿನ ಫೆಬ್ರವರಿಯಲ್ಲಿ ಅದೇ ಬಾವಿಯಿಂದ ಅದೇ ಕ್ರಮದಲ್ಲಿ ತೆಗೆದ ಮಾದರಿಯಲ್ಲಿ ಇ-ಕೋಲಿ ಇರಲಿಲ್ಲ. ಮಳೆಗಾಲದಲ್ಲಿ ಅಂತರ್ಜಲ ಏರಿ ಶೌಚದ ಗುಂಡಿಯ ತಳವನ್ನು ಮುಟ್ಟುತ್ತದೆ, ಕೊಟ್ಟಿಗೆಯ ನೀರೂ ಇಳಿಜಾರಿನಲ್ಲಿ ಬಾವಿಯತ್ತ ಜಿನುಗುತ್ತದೆ. ಬೇಸಿಗೆಯಲ್ಲಿ ಆ ದಾರಿ ಒಣಗಿರುತ್ತದೆ. ನಾನು ಫೆಬ್ರವರಿಯಲ್ಲಿ ಮಾತ್ರ ಪರೀಕ್ಷಿಸಿದ್ದರೆ ಆ ಕಾಗದವನ್ನು ನಂಬಿ ಸುಮ್ಮನಿರುತ್ತಿದ್ದೆ.

ಇನ್ನೊಂದು ಸಂಗತಿ ತಾಮ್ರದ್ದು. ಸ್ನಾನದ ಮನೆಯ ಬೇಸಿನ್ನಿನಲ್ಲಿ ನಲ್ಲಿಯ ನೀರು ಬೀಳುವ ಜಾಗದಲ್ಲಿ ಹಸಿರು ನೀಲಿಯ ಗೆರೆಯೊಂದು ಮೂಡಿತ್ತು. ಕಾಳುಮೆಣಸಿನ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ತಯಾರಿಸುವಾಗ ಮೈಲುತುತ್ತ (ತಾಮ್ರದ ಸಲ್ಫೇಟ್) ಕರಗಿಸುವ ಡ್ರಮ್ ಬಾವಿಯ ಹತ್ತಿರವೇ ಇದ್ದುದರಿಂದ ನನಗೆ ಅದರ ಮೇಲೆಯೇ ಅನುಮಾನವಾಯಿತು. ಎರಡು ಮಾದರಿ ಕೊಟ್ಟೆ: ಬಾವಿಯ ನೀರಿನಲ್ಲಿ ತಾಮ್ರ ಲೀಟರಿಗೆ 0.02 ಮಿಲಿಗ್ರಾಂ, ರಾತ್ರಿಯಿಡೀ ತಾಮ್ರದ ಬಾಯ್ಲರ್ ಮತ್ತು ಕೊಳವೆಯಲ್ಲಿ ನಿಂತು ಬೆಳಿಗ್ಗೆ ಮೊದಲು ಬಂದ ನೀರಿನಲ್ಲಿ 0.6. ಆಮ್ಲಗುಣದ ಮೃದು ನೀರು ಕೊಳವೆಯನ್ನೇ ಕರಗಿಸುತ್ತಿತ್ತು. ಅಂದಿನಿಂದ ಆ ನಲ್ಲಿಯ ನೀರನ್ನು ಬಾಯಿಗೆ ಬಳಸುತ್ತಿಲ್ಲ. ಡ್ರಮ್ಮನ್ನೂ ದೂರಕ್ಕೆ ಒಯ್ದೆವು, ಏಕೆಂದರೆ ಅದು ಅಲ್ಲಿರುವುದೇ ಸರಿಯಲ್ಲ.

ಹನ್ನೆರಡು ಮೀಟರ್ ದೂರದಲ್ಲಿದ್ದ ಗುಂಡಿಯನ್ನು ಮುಚ್ಚಿಸಿ ಬಾವಿಗಿಂತ ಕೆಳಬದಿಯಲ್ಲಿ ಹೊಸದನ್ನು ತೋಡಿಸಿದ್ದೇ ದೊಡ್ಡ ಖರ್ಚು. ಕಟ್ಟೆ ಎತ್ತರಿಸಿ, ಸುತ್ತ ಸಿಮೆಂಟು ಹಾಕಿ, ಮೇಲ್ಬದಿಗೆ ಚರಂಡಿ ತೆಗೆಸಿದೆವು. ಅನಂತರ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದೆ. ಆ ದಿನ ನೀರು 4 ಮೀಟರ್ ಆಳವಿತ್ತು, ಅಂದರೆ ಸುಮಾರು 12,500 ಲೀಟರ್. ನಿತ್ಯದ ಶುದ್ಧೀಕರಣಕ್ಕೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಪುಡಿ ಸಾಕಾದರೂ, ಕಲುಷಿತ ಬಾವಿಯನ್ನು ತೊಳೆಯಲು ಲೀಟರಿಗೆ 50 ಮಿಲಿಗ್ರಾಂ ಕ್ಲೋರಿನ್ ಬೇಕಾಗುವುದರಿಂದ 33 ಶೇಕಡ ಬಲದ ಹೊಸ ಪುಡಿ ಸುಮಾರು 1.9 ಕೆ.ಜಿ. ಹಿಡಿಯಿತು. ಬಕೆಟಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನು ಮಾತ್ರ ಬಾವಿಗೆ ಸುರಿದು, ಬಿಂದಿಗೆಯನ್ನು ಇಳಿಸಿ ಎತ್ತಿ ನೀರು ಕಲಕಿ, ಮರುದಿನದವರೆಗೆ ಯಾರೂ ಮುಟ್ಟದಂತೆ ನೋಡಿಕೊಂಡು, ವಾಸನೆ ಹೋಗುವವರೆಗೆ ನೀರೆತ್ತಿ ಹೊರಚೆಲ್ಲಿದೆವು. ಮರುಪರೀಕ್ಷೆಗೆ ಎರಡು ವಾರ ಕಾದೆ; ಕ್ಲೋರಿನ್ ಉಳಿದಿರುವಾಗ ತೆಗೆದ ಮಾದರಿ ಬಾವಿಯ ನಿಜಸ್ಥಿತಿಯನ್ನು ತೋರಿಸುವುದಿಲ್ಲ.

ಕುದಿಸಿದರಾಯಿತಲ್ಲ ಎಂದು ಹಲವರು ಕೇಳುತ್ತಾರೆ. ಕುದಿಸಿದರೆ ಕ್ರಿಮಿ ಸಾಯುತ್ತದೆ, ನಾವೂ ಕುದಿಸಿಯೇ ಕುಡಿಯುತ್ತೇವೆ. ಆದರೆ ನೈಟ್ರೇಟ್ ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಆರು ತಿಂಗಳೊಳಗಿನ ಕೂಸಿಗೆ ಬಾವಿ ನೀರಿನಲ್ಲಿ ಹಾಲಿನ ಪುಡಿ ಕಲಸುವವರು ಇದನ್ನು ತಿಳಿದಿರಲೇಬೇಕು. ಮಿತಿಮೀರಿದ ನೈಟ್ರೇಟ್ ಕೂಸಿನ ರಕ್ತದ ಆಮ್ಲಜನಕ ಒಯ್ಯುವ ಶಕ್ತಿಯನ್ನೇ ಕುಗ್ಗಿಸುತ್ತದೆ.

ಈಗ ಪ್ರತಿವರ್ಷ ಜೂನ್‌ನಲ್ಲಿ ಮೊದಲ ಜೋರು ಮಳೆಯ ವಾರ ಕಳೆದೊಡನೆ ಎರಡು ಬಾಟಲಿ ತರುತ್ತೇನೆ. ಎರಡನೆಯದು ಲೈನ್ ಮನೆಗಳ ಬಾವಿಗೆ; ಅದನ್ನು ಅಂದು ಕಾಯಿಲೆ ಬಿದ್ದಿದ್ದ ಮಗುವಿನ ತಾಯಿಯೇ ತುಂಬಿ, ಚೀಟಿಯ ಮೇಲೆ ದಿನ ಮತ್ತು ಗಂಟೆ ಬರೆದು ಕೊಡುತ್ತಾರೆ.