ಕೋರೆಯ ಚೀಲ ಬಿಚ್ಚಿ ನೋಡಿದ ಮೇಲೆ

ನೀರಿಗಾಗಿ ಗುಡ್ಡದೊಳಗೆ ಅಡ್ಡಕ್ಕೆ ಕೊರೆದ ನಮ್ಮ ಸುರಂಗದ ಬಾಯಿಯಿಂದ ಸ್ವಲ್ಪ ಮೇಲೆ, ಗುಡ್ಡದ ನೆತ್ತಿಯಲ್ಲಿ ಕೆಂಪುಕಲ್ಲು ತೆಗೆದು ಹಾಗೇ ಬಿಟ್ಟ ಕೋರೆಯೊಂದಿದೆ. ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲ, ಬದಿಯಡ್ಕ, ಬಾಯಾರು ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮುರಕಲ್ಲಿನಲ್ಲಿ, ಅಂದರೆ ಈ ಕೆಂಪುಕಲ್ಲಿನಲ್ಲಿ, ಇಂಗಿದ ಮಳೆನೀರೇ ಸುರಂಗದಲ್ಲಿ ಒಸರುವುದು. ಕುಡಿಯಲಿಕ್ಕೂ ಅದೇ, ಬೇಸಿಗೆಯಲ್ಲಿ ಅಡಿಕೆ ತೋಟಕ್ಕೂ ಅದೇ. ಆ ಕೋರೆಗೆ ರಾತ್ರಿ ಹೊತ್ತು ಕಸದ ಚೀಲ ಬೀಳತೊಡಗಿದಾಗ ನನಗೆ ನಿದ್ದೆ ಬರಲಿಲ್ಲ.

ಮೊದಲ ಸಲ ಎಲ್ಲರೂ ಮಾಡುವುದನ್ನೇ ಮಾಡಿದೆವು. ಒಂದು ಆದಿತ್ಯವಾರ ಹುಡುಗರನ್ನು ಸೇರಿಸಿ ಕೋರೆ ಗುಡಿಸಿ, ಬೋರ್ಡು ನೆಟ್ಟೆವು. ಮೂರೇ ವಾರದಲ್ಲಿ ಬೋರ್ಡಿನ ಬುಡದಲ್ಲೇ ಚೀಲಗಳು!

ಎರಡನೇ ಸಲ ಗುಡಿಸಲಿಲ್ಲ. ಐದು ಮಂದಿ ಗ್ಲೌಸು ಹಾಕಿಕೊಂಡು ಟಾರ್ಪಾಲು ಹಾಸಿ, 23 ಚೀಲಗಳನ್ನು ಒಂದೊಂದಾಗಿ ಬಿಚ್ಚಿದೆವು. ಕೊರಿಯರ್ ಕವರು, ಕರೆಂಟು ಬಿಲ್ಲು, ಆಸ್ಪತ್ರೆಯ ಚೀಟಿ ಎಲ್ಲ ಸಿಕ್ಕಿತು. ಹೆಸರುಗಳನ್ನು ವಾಟ್ಸಾಪ್ ಗ್ರೂಪಿಗೆ ಹಾಕೋಣ ಎಂದರು ಹುಡುಗರು. ನಾನು ಬೇಡವೆಂದೆ. ಊರೆದುರು ಮರ್ಯಾದೆ ಹೋದವರು ಮರುದಿನ ಬೇರೆ ಕೋರೆ ಹುಡುಕುತ್ತಾರೆ, ಅಷ್ಟೇ. ಬಿಲ್ಲು ಹಿಡಿದುಕೊಂಡು ಸಂಜೆ ಹೊತ್ತಿಗೆ ಅವರವರ ಮನೆಗೇ ಹೋದೆವು.

ಅಲ್ಲಿ ಕೇಳಿದ್ದು ನನ್ನ ಕಣ್ಣು ತೆರೆಸಿತು. ಮನೆಮನೆಯಿಂದ ಒಣಕಸ ಒಯ್ಯುವ ಪಂಚಾಯತಿಯ ಮಹಿಳೆಯರ ತಂಡವೇ ಹರಿತಕರ್ಮ ಸೇನೆ. "ಹರಿತಕರ್ಮ ಸೇನೆಯವರು ಯಾವ ದಿನ ಬರ್ತಾರೆ, ಏನೆಲ್ಲ ತಗೊಳ್ತಾರೆ ಅಂತ ಗೊತ್ತಾಗುವುದೇ ಇಲ್ಲ ಅಣ್ಣಾ, ಚೀಟಿಯೆಲ್ಲ ಮಲಯಾಳದಲ್ಲಿ ಇರ್ತದೆ" ಎಂದರು ಒಬ್ಬರು. ಸೇನೆಗೆ ತಿಂಗಳಿಗೆ ಕೊಡುವ 50 ರೂಪಾಯಿ ಶುಲ್ಕವನ್ನು ದಂಡ ಎಂದೇ ತಿಳಿದು ಬಾಗಿಲು ಹಾಕಿಕೊಂಡವರೂ ಇದ್ದರು. ಹೆಚ್ಚಿನ ಚೀಲಗಳು ಬಂದದ್ದು ಒಂದು ಬಾಡಿಗೆ ಕ್ವಾರ್ಟರ್ಸಿನಿಂದ. ಹೊರರಾಜ್ಯದ ಕೆಲಸಗಾರರ ಆ ಕೋಣೆಗಳು ಸೇನೆಯ ಪಟ್ಟಿಯಲ್ಲೇ ಇರಲಿಲ್ಲ. ಅವರಿಗೆ ಹೊಂಡ ತೋಡಲು ಅಂಗಳವಿಲ್ಲ, ಕಸ ಕೊಡಲು ಜನವಿಲ್ಲ. ಮತ್ತೆಲ್ಲಿ ಹಾಕಬೇಕು?

ವಾರ್ಡಿನ ಮೆಂಬರರನ್ನೂ ಸೇನೆಯ ಅಕ್ಕಂದಿರನ್ನೂ ಕೂರಿಸಿ ಮಾತಾಡಿದೆವು. ಪ್ಲಾಸ್ಟಿಕ್ ಯಾವಾಗ, ಚಪ್ಪಲಿ, ಗಾಜು, ಹಳೆ ಬಟ್ಟೆ ಯಾವ ತಿಂಗಳು ಎಂದು ಕನ್ನಡದಲ್ಲಿ ಕಾರ್ಡು ಬರೆದು ಪ್ರತಿ ಅಡುಗೆಮನೆಯ ಬಾಗಿಲಿಗೆ ಅಂಟಿಸಿದೆವು. ಕ್ವಾರ್ಟರ್ಸಿನ ಯಜಮಾನರು ಎರಡು ಸಲ ತಪ್ಪಿಸಿಕೊಂಡು ಮೂರನೇ ಸಲ ಒಪ್ಪಿದರು. ಈಗ ಬಾಡಿಗೆಯೊಟ್ಟಿಗೇ ಸೇನೆಯ ಹಣವನ್ನೂ ತೆಗೆದಿಡುತ್ತಾರೆ. ಆ ಅಕ್ಕಂದಿರು ಗೋಣಿ ಹೊತ್ತು ಗುಡ್ಡ ಹತ್ತುವುದನ್ನು ಒಮ್ಮೆ ಜೊತೆಗೆ ನಡೆದು ನೋಡಿದವರು 50 ರೂಪಾಯಿಗೆ ಚೌಕಾಸಿ ಮಾಡಲಾರರು. ಅವರಿಗೊಂದು ಲೋಟ ಮಜ್ಜಿಗೆ ಕೊಡುವ ಮನೆಗಳು ಈಗ ಹೆಚ್ಚಾಗಿವೆ.

ಒಂದು ವಿಷಯದಲ್ಲಿ ಮಾತ್ರ ನಾವು ದಾಕ್ಷಿಣ್ಯ ನೋಡಲಿಲ್ಲ. ಕೋಳಿಯ ತ್ಯಾಜ್ಯ ತಂದು ಸುರಿಯುತ್ತಿದ್ದ ಪಿಕಪ್ ಅದು. ತಿಳಿಯದೆ ಮಾಡಿದ ತಪ್ಪಲ್ಲ, ವ್ಯಾಪಾರ. ನಂಬರು ಕಾಣುವ ಹಾಗೆ ಫೋಟೋ ತೆಗೆದು, ದಿನ, ಹೊತ್ತು, ಜಾಗ ಬರೆದು ಪಂಚಾಯತಿಗೆ ಕೊಟ್ಟೆವು. ಕಸ ಸುರಿಯುವವರನ್ನು ಹಿಡಿಯುವ ಸ್ಕ್ವಾಡ್ ಬಂದು ದಂಡ ಹಾಕಿತು. ನೀರಿನ ಮೂಲಕ್ಕೆ ಕಸ ಸುರಿದರೆ ಕೇರಳದ ಕಾನೂನಿನಲ್ಲಿ ದಂಡದ ಜೊತೆ ಜೈಲೂ ಇದೆ ಎಂದು ಅವರು ಹೇಳಿದ ಮೇಲೆ ಆ ಗಾಡಿ ಈ ಕಡೆ ಕಂಡಿಲ್ಲ.

ಡೈಪರಿಗೆ ಇನ್ನೂ ದಾರಿ ಸಿಕ್ಕಿಲ್ಲ. ನಮ್ಮಲ್ಲಿ ಸೇನೆಯವರು ಅದನ್ನು ಒಯ್ಯುವುದಿಲ್ಲ. ಸಣ್ಣ ಮಕ್ಕಳಿರುವ, ಹಾಸಿಗೆ ಹಿಡಿದ ಹಿರಿಯರಿರುವ ಮನೆಯವರನ್ನು ಬೈಯುವುದು ಹೇಗೆ? ಕಳೆದ ಗ್ರಾಮಸಭೆಯಲ್ಲಿ ಇದನ್ನೇ ಎತ್ತಿದೆ. ಮುಂದಿನ ಸಭೆಗೆ ಅಂಥ ಮನೆಗಳ ಪಟ್ಟಿ ಬರೆದು ಒಯ್ಯುತ್ತಿದ್ದೇನೆ.