ಮೊದಲ ಕ್ಯಾಮೆರಾ ತಗೊಳ್ಳುವವರಿಗೆ

ಲಾಲ್‌ಬಾಗ್ ಫ್ಲವರ್ ಶೋ ಹತ್ತಿರ ಬಂತು ಅಂದರೆ "ಕಡಿಮೆ ಬೆಲೆಗೆ ಯಾವ ಕ್ಯಾಮೆರಾ ತಗೊಳ್ಳಲಿ?" ಅಂತ ಕೇಳುವವರು ಜಾಸ್ತಿ ಆಗ್ತಾರೆ. ನನ್ನ ಹತ್ತಿರ ಇರುವುದು ಕ್ಯಾನನ್ 1500ಡಿ. 24 ಮೆಗಾಪಿಕ್ಸೆಲ್, ಜೊತೆಗೆ ಸ್ವಲ್ಪ ಜೂಮ್ ಆಗುವ 18-55 ಎಂಎಂ ಲೆನ್ಸ್.

ಬೆಳಕಿದ್ದರೆ ಮೋಸವಿಲ್ಲ. ಬೆಳಿಗ್ಗೆ ಕಬ್ಬನ್ ಪಾರ್ಕಿಗೆ ಹೋಗಿ, ಬಿದಿರು ಮೆಳೆಯ ನಡುವೆ ಬೀಳುವ ಬಿಸಿಲನ್ನು ತೆಗೆದು ನೋಡಿ. ಒಂದು ಚಾರ್ಜಿಗೆ ಸುಮಾರು 500 ಫೋಟೋ ಬರುತ್ತದೆ.

ಆದರೆ ಮನೆಯೊಳಗೆ, ಟ್ಯೂಬ್‌ಲೈಟ್ ಕೆಳಗೆ ಓಡಾಡುವ ಮಗುವನ್ನು ತೆಗೆಯೋಕೆ ಹೋದರೆ ಮುಕ್ಕಾಲು ಪಾಲು ಮಸುಕು. ಫೋಕಸ್ ಪಾಯಿಂಟ್, ಅಂದರೆ ಕ್ಯಾಮೆರಾ ಫೋಕಸ್ ಹಿಡಿಯುವ ಜಾಗ, ಇರುವುದೇ 9, ಸೆಕೆಂಡಿಗೆ 3 ಫೋಟೋ ಅಷ್ಟೇ. ಮುಂದೆ ದುಡ್ಡು ಕೂಡಿದಾಗ 50 ಎಂಎಂ ಎಫ್ 1.8 ಲೆನ್ಸ್ ತಗೊಳ್ಳಿ. ಅದು ಹೆಚ್ಚು ಬೆಳಕು ಒಳಗೆ ಬಿಡುತ್ತದೆ, ನನ್ನ ಅರ್ಧ ಕಷ್ಟ ಅದರಿಂದಲೇ ಹೋಯಿತು. ವಿಡಿಯೋಗೆ ಅಂತಾದರೆ ಇದು ಬೇಡವೇ ಬೇಡ. 4ಕೆ ಇಲ್ಲ, ಪರದೆ ತಿರುಗಲ್ಲ, ಹೊರಗಿನ ಮೈಕ್ ಸಿಗಿಸಲು ಜಾಗವೂ ಇಲ್ಲ.

ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಲೆನ್ಸಿನ ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಫಂಗಸ್. ಸುಮ್ನೆ ವಾಪಸ್ ಕೊಟ್ಟು ಬನ್ನಿ. ನನ್ನ ಲೆನ್ಸಿಗೂ ಒಂದು ಮಳೆಗಾಲದಲ್ಲಿ ಹಾಗೇ ಆಯಿತು. ಒದ್ದೆ ಬ್ಯಾಗಿನಲ್ಲೇ ಎರಡು ತಿಂಗಳು ಮರೆತಿದ್ದೆ, ಇನ್ನೇನಾಗುತ್ತೆ! ಈಗ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡುತ್ತೇನೆ. ಹೊಸ ಶೂ ಡಬ್ಬದಲ್ಲಿ ಪುಟ್ಟ ಪೊಟ್ಟಣ ಬರುತ್ತಲ್ಲ, ಅದೇ.